ವಾದಕನ ಹೆಸರು: ಜಾಝ್ ಸ್ಯಾಕ್ಸೊಫೋನ್ ಪರಂಪರೆ ಮತ್ತು ವಿಜಯಪುರ ಸೀಮೆಯ ಸನಾದಿ

1

ಕನ್ನಡದಲ್ಲಿ ತೌಲನಿಕ ಅಧ್ಯಯನ ಎಂದೊಡನೆ ಕೃತಿಗಳ ಹೋಲಿಕೆ, ಕವಿಗಳ ಹೋಲಿಕೆ ಎಂಬ ಅರ್ಥವೇ ರೂಢಿಯಾಗಿದೆ. ಪಂಪನನ್ನು ರನ್ನನೊಡನೆ, ಕುಮಾರವ್ಯಾಸನನ್ನು ಲಕ್ಷ್ಮೀಶನೊಡನೆ ಇಟ್ಟು ನೋಡುವ ಕ್ರಮಕ್ಕೆ ಇಲ್ಲಿ ದೀರ್ಘ ಚರಿತ್ರೆಯಿದೆ. ಆದರೆ ಒಂದೇ ವಾದ್ಯವನ್ನು ನುಡಿಸುವ ಇಬ್ಬರನ್ನು, ಒಂದೇ ಧಾಟಿಯನ್ನು ಎರಡು ಬಗೆಯಲ್ಲಿ ನುಡಿಸಿದ ಇಬ್ಬರನ್ನು ಎದುರು ಬದುರಾಗಿಟ್ಟು ವಿವೇಚಿಸುವ ಕ್ರಮ ಕನ್ನಡ ವಿಭಾಗಗಳಲ್ಲಿ ಬೆಳೆಯಲಿಲ್ಲ. ಅದು ಸಂಗೀತಶಾಸ್ತ್ರದವರ ಕೆಲಸ ಎಂಬ ತಿಳಿವಳಿಕೆ ಇದಕ್ಕೆ ಒಂದು ಕಾರಣ. ಜನಪದ ವಾದ್ಯಗಳ ಮಟ್ಟಿಗೆ ಸಂಗೀತಶಾಸ್ತ್ರದವರೂ ಈ ಕೆಲಸವನ್ನು ಹೆಚ್ಚಾಗಿ ಕೈಗೆತ್ತಿಕೊಂಡಿಲ್ಲ. ಹೀಗಾಗಿ ನುಡಿಸುವವರ ದೊಡ್ಡ ಸಮುದಾಯವೊಂದು ಎರಡೂ ಶಿಸ್ತುಗಳ ನಡುವಿನ ಖಾಲಿ ಜಾಗದಲ್ಲಿ ಉಳಿದುಹೋಗಿದೆ.

ಈ ಹಿನ್ನೆಲೆಯಲ್ಲಿ ಜಾಝ್ ಸಂಗೀತದ ಚರಿತ್ರೆಯನ್ನು ಗಮನಿಸುವುದು ಉಪಯುಕ್ತ. ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ, ಬರವಣಿಗೆಗಿಂತ ಕಿವಿಯನ್ನು ನಂಬಿದ, ಮದುವೆ ಮಸಣಗಳೆರಡರಲ್ಲೂ ಮೆರವಣಿಗೆಯೊಡನೆ ನಡೆದ ಈ ಸಂಗೀತ ತನ್ನ ಸ್ವರೂಪದಲ್ಲಿ ಜಾನಪದಕ್ಕೆ ಬಹಳ ಹತ್ತಿರದ್ದು. ಆದರೂ ಅದರ ಚರಿತ್ರೆ ವ್ಯಕ್ತಿಗಳ ಚರಿತ್ರೆಯಾಗಿದೆ. ಕೋಲ್ಮನ್ ಹಾಕಿನ್ಸ್, ಲೆಸ್ಟರ್ ಯಂಗ್, ಚಾರ್ಲಿ ಪಾರ್ಕರ್, ಸನ್ನಿ ರೋಲಿನ್ಸ್, ಜಾನ್ ಕೋಲ್ಟ್ರೇನ್, ಆರ್ನೆಟ್ ಕೋಲ್ಮನ್ ಎಂಬ ಹೆಸರುಗಳು ಒಂದೊಂದು ಶೈಲಿಯ ಹೆಸರುಗಳೂ ಆಗಿವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಸನಾದಿ ವಾದಕರಿಗೆ ಇಂಥ ಚರಿತ್ರೆ ಏಕೆ ಇಲ್ಲ? ಈ ವ್ಯತ್ಯಾಸ ಪ್ರತಿಭೆಯದಲ್ಲ, ದಾಖಲೆಯದು ಮತ್ತು ದೃಷ್ಟಿಕೋನದ್ದು ಎಂಬುದು ಪ್ರಸ್ತುತ ಲೇಖನದ ವಾದ.

2

ಸ್ಯಾಕ್ಸೊಫೋನ್ ಜಾಝ್‌ನೊಡನೆ ಹುಟ್ಟಿದ ವಾದ್ಯವಲ್ಲ. ಬೆಲ್ಜಿಯಂನ ಅಡಾಲ್ಫ್ ಸಾಕ್ಸ್ ಇದನ್ನು 1840ರ ದಶಕದಲ್ಲಿ ರೂಪಿಸಿ 1846ರಲ್ಲಿ ಫ್ರಾನ್ಸಿನಲ್ಲಿ ಹಕ್ಕುಪತ್ರ ಪಡೆದನು. ಹಿತ್ತಾಳೆಯ ದೇಹವಿದ್ದರೂ ಒಂಟಿ ರೀಡಿನಿಂದ ಉಸಿರು ಪಡೆಯುವ ಈ ವಾದ್ಯ ಮೊದಲು ನೆಲೆ ಕಂಡದ್ದು ಸೈನ್ಯದ ಬ್ಯಾಂಡುಗಳಲ್ಲಿ. ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದು ಬಹುಮಟ್ಟಿಗೆ ವಿನೋದ ಪ್ರದರ್ಶನಗಳ ವಾದ್ಯವಾಗಿತ್ತು. ಜಾಝ್‌ನ ಆರಂಭದ ನಾಯಕವಾದ್ಯ ಕಾರ್ನೆಟ್. ಸಿಡ್ನಿ ಬೆಶೆ ಸೊಪ್ರಾನೊ ಸ್ಯಾಕ್ಸೊಫೋನಿಗೆ ಗಂಭೀರ ಸ್ಥಾನ ತಂದುಕೊಟ್ಟನೆಂಬುದು ನಿಜ. ಆದರೆ ಟೆನರ್ ಸ್ಯಾಕ್ಸೊಫೋನನ್ನು ಏಕಾಕಿಯಾಗಿ ನಿಂತು ಮಾತನಾಡಬಲ್ಲ ವಾದ್ಯವಾಗಿ ಸ್ಥಾಪಿಸಿದ ಕೀರ್ತಿ ಕೋಲ್ಮನ್ ಹಾಕಿನ್ಸ್‌ಗೆ (1904–1969) ಸಲ್ಲುತ್ತದೆ.

ಹಾಕಿನ್ಸ್ 1939ರಲ್ಲಿ ಧ್ವನಿಮುದ್ರಿಸಿದ 'ಬಾಡಿ ಅಂಡ್ ಸೋಲ್' ಇಲ್ಲಿ ಮುಖ್ಯ. ಆಗಲೇ ಜನಪ್ರಿಯವಾಗಿದ್ದ ಒಂದು ಹಾಡಿನ ಮೂಲ ಧಾಟಿಯನ್ನು ಅವನು ಆರಂಭದಲ್ಲಿ ಸೂಚಿಸಿ ಬಿಟ್ಟುಬಿಡುತ್ತಾನೆ. ಉಳಿದದ್ದೆಲ್ಲ ಆ ಹಾಡಿನ ಸ್ವರಮೇಳಗಳ ಮೇಲೆ ಕಟ್ಟಿದ ಹೊಸ ಮಾತು. ಅವನ ನಾದ ದಪ್ಪನಾದುದು, ಕಂಪನ ತುಂಬಿದ್ದು. ಸ್ವರಮೇಳದ ಪ್ರತಿಯೊಂದು ಮೆಟ್ಟಿಲನ್ನೂ ಮುಟ್ಟಿಕೊಂಡೇ ಮೇಲೇರುವ ಕ್ರಮ ಅವನದು.

ಲೆಸ್ಟರ್ ಯಂಗ್ (1909–1959) ಇದಕ್ಕೆ ಪ್ರತಿಧ್ರುವ. ಅವನ ನಾದ ಹಗುರ, ಕಂಪನ ಕಡಿಮೆ. ಮೆಟ್ಟಿಲುಗಳನ್ನು ಎಣಿಸದೆ ಅವುಗಳ ಮೇಲೆ ತೇಲಿಹೋಗುವ ನಡೆ. 1934ರಲ್ಲಿ ಫ್ಲೆಚರ್ ಹೆಂಡರ್ಸನ್‌ನ ವಾದ್ಯವೃಂದದಲ್ಲಿ ಹಾಕಿನ್ಸ್‌ನ ತೆರವಾದ ಸ್ಥಾನಕ್ಕೆ ಯಂಗ್ ಬಂದಾಗ ಅವನಂತೆಯೇ ನುಡಿಸಬೇಕೆಂಬ ಒತ್ತಾಯ ಎದುರಾಯಿತು. ಹಾಕಿನ್ಸ್‌ನ ಧ್ವನಿಮುದ್ರಿಕೆಗಳನ್ನು ಅವನಿಗೆ ಕೇಳಿಸಿ ತಿದ್ದುವ ಪ್ರಯತ್ನವೂ ನಡೆಯಿತು. ಯಂಗ್ ತಿದ್ದಿಕೊಳ್ಳಲಿಲ್ಲ, ಕೆಲವೇ ತಿಂಗಳಲ್ಲಿ ವೃಂದವನ್ನು ಬಿಟ್ಟನು. 1936ರ 'ಲೇಡಿ ಬಿ ಗುಡ್' ಧ್ವನಿಮುದ್ರಿಕೆ ಹೊರಬಂದ ಮೇಲೆ ಹೊಸ ತಲೆಮಾರಿನ ವಾದಕರು ಯಂಗ್‌ನನ್ನೇ ಅನುಸರಿಸತೊಡಗಿದರು.

ಇವರಿಬ್ಬರಲ್ಲಿ ಯಾರು ದೊಡ್ಡವರು ಎಂಬ ಪ್ರಶ್ನೆ ಫಲಕೊಡುವಂಥದಲ್ಲ. ಒಂದೇ ವಾದ್ಯದಿಂದ ಎರಡು ಬಗೆಯ ಮನುಷ್ಯಧ್ವನಿ ಹೊರಡಬಹುದು, ಎರಡಕ್ಕೂ ಸಮಾನ ಅಧಿಕಾರವಿದೆ ಎಂಬುದು ಹೋಲಿಕೆಯಿಂದ ತಿಳಿಯುವ ಸಂಗತಿ. ಹಾಡನ್ನು ನುಡಿಸುವ ವಾದಕನಿಗೆ ಅದರ ಸಾಹಿತ್ಯವೂ ಗೊತ್ತಿರಬೇಕೆಂಬುದು ಯಂಗ್‌ನ ದೃಢ ನಿಲುವಾಗಿತ್ತು. ಮಾತಿಲ್ಲದ ವಾದ್ಯದೊಳಗೂ ಮಾತು ಇರುತ್ತದೆ ಎಂಬ ಈ ತಿಳಿವು ಸಾಹಿತ್ಯದ ವಿದ್ಯಾರ್ಥಿಗೆ ಹೊರಗಿನದಾಗಬೇಕಿಲ್ಲ.

3

ಚಾರ್ಲಿ ಪಾರ್ಕರ್ (1920–1955) ಆಲ್ಟೊ ಸ್ಯಾಕ್ಸೊಫೋನಿನವನು. 1945ರ 'ಕೊಕೊ' ಅವನ ಕೊಡುಗೆಯ ಸಾರವನ್ನು ಹೇಳುತ್ತದೆ. ಅದು 'ಚೆರೊಕೀ' ಎಂಬ ಹಳೆಯ ಹಾಡಿನ ಸ್ವರಮೇಳಗಳನ್ನು ಉಳಿಸಿಕೊಂಡು ಧಾಟಿಯನ್ನು ಪೂರ್ತಿ ಕಿತ್ತುಹಾಕಿ ಕಟ್ಟಿದ ರಚನೆ. ಅಲ್ಲಿನ ವೇಗ ಬೆರಗು ಹುಟ್ಟಿಸುವಂಥದು. ಆದರೆ ವೇಗಕ್ಕಿಂತ ಮುಖ್ಯವಾದುದು ಅದರೊಳಗಿನ ವಾಕ್ಯರಚನೆ. ಒಂದು ಪದಗುಚ್ಛ ಎಲ್ಲಿ ನಿಲ್ಲಬೇಕೆಂದು ಕೇಳುಗ ನಿರೀಕ್ಷಿಸುತ್ತಾನೋ ಅಲ್ಲಿ ಅದು ನಿಲ್ಲುವುದಿಲ್ಲ, ನಿಲ್ಲಬಾರದ ಕಡೆ ನಿಂತು ಮುಂದಿನದಕ್ಕೆ ದಾರಿ ಮಾಡುತ್ತದೆ. ಹಳೆಯ ಚೌಕಟ್ಟಿನಲ್ಲಿ ಹೊಸ ನುಡಿ ಕಟ್ಟುವ ಈ ಕ್ರಮ ಉತ್ತರ ಕರ್ನಾಟಕದ ತತ್ವಪದಕಾರರಿಗೆ, ಲಾವಣಿಕಾರರಿಗೆ ಅಪರಿಚಿತವಲ್ಲ. ಬಳಕೆಯಲ್ಲಿರುವ ಮಟ್ಟನ್ನು ಇಟ್ಟುಕೊಂಡು ಹೊಸ ಪದ ಕಟ್ಟುವುದು ಅವರ ನಿತ್ಯದ ಕಸುಬು. ಅವರು ಮಟ್ಟನ್ನು ಉಳಿಸಿ ಮಾತನ್ನು ಬದಲಿಸಿದರೆ, ಪಾರ್ಕರ್ ಮಟ್ಟಿನ ತಳಹದಿಯನ್ನು ಉಳಿಸಿ ಮಟ್ಟನ್ನೇ ಬದಲಿಸಿದನು.

1930ರಲ್ಲಿ ಹುಟ್ಟಿದ ಸನ್ನಿ ರೋಲಿನ್ಸ್‌ನ ಪ್ರಾಮುಖ್ಯ ಬೇರೆ ಬಗೆಯದು. ಅವನ 1956ರ 'ಸ್ಯಾಕ್ಸೊಫೋನ್ ಕೊಲಾಸಸ್' ಧ್ವನಿಮುದ್ರಿಕೆಯಲ್ಲಿ 'ಬ್ಲೂ ಸೆವೆನ್' ಎಂಬ ರಚನೆಯಿದೆ. ಅದನ್ನು ಕುರಿತು ಗುಂಥರ್ ಶುಲ್ಲರ್ 1958ರಲ್ಲಿ ಬರೆದ ಪ್ರಬಂಧ ಜಾಝ್ ವಿಮರ್ಶೆಯಲ್ಲಿ ಒಂದು ಮೈಲಿಗಲ್ಲು. ಆರಂಭದ ಸಣ್ಣದೊಂದು ಸ್ವರಬೀಜ ಇಡೀ ವಾದನದಲ್ಲಿ ಹೇಗೆ ಮರಳಿ ಮರಳಿ ಬೆಳೆಯುತ್ತದೆ ಎಂಬುದನ್ನು ಶುಲ್ಲರ್ ಕಾವ್ಯವೊಂದನ್ನು ವಿಶ್ಲೇಷಿಸುವಷ್ಟೇ ನಿಷ್ಠೆಯಿಂದ ತೋರಿಸಿದನು. ಆ ಕ್ಷಣಕ್ಕೆ ಹುಟ್ಟಿದ ವಾದನಕ್ಕೂ ಕೃತಿಯ ಘನತೆಯಿದೆ, ಅದನ್ನು ಪಠ್ಯದಂತೆ ಮತ್ತೆ ಮತ್ತೆ ಓದಬಹುದು ಎಂಬುದು ಹೀಗೆ ಸಿದ್ಧವಾಯಿತು. ರೋಲಿನ್ಸ್ 1957ರ ಹೊತ್ತಿಗೆ ಪಿಯಾನೊವನ್ನು ಕೈಬಿಟ್ಟು ಬಾಸ್ ಮತ್ತು ಡ್ರಮ್ ಇಷ್ಟನ್ನೇ ಜೊತೆಗಿಟ್ಟುಕೊಂಡು ನುಡಿಸಿದ್ದೂ ಗಮನಾರ್ಹ. ಒಂದು ಉಸಿರುವಾದ್ಯ, ಕೆಳಗೆ ಒಂದು ಆಧಾರ, ಪಕ್ಕದಲ್ಲಿ ಚರ್ಮವಾದ್ಯ ಎಂಬ ಈ ವಿನ್ಯಾಸಕ್ಕೂ ಸನಾದಿ, ಶ್ರುತಿ ಹಿಡಿಯುವ ಜೊತೆಗಾರ, ಕರಡಿ ಎಂಬ ವಿನ್ಯಾಸಕ್ಕೂ ಇರುವ ಸಾಮ್ಯ ತಾನಾಗಿಯೇ ಕಾಣುತ್ತದೆ.

ಜಾನ್ ಕೋಲ್ಟ್ರೇನ್ (1926–1967) ಎರಡು ತುದಿಗಳನ್ನು ಮುಟ್ಟಿದವನು. 1959ರಲ್ಲಿ ಧ್ವನಿಮುದ್ರಿತವಾದ 'ಜೈಂಟ್ ಸ್ಟೆಪ್ಸ್' ಸ್ವರಮೇಳಗಳ ದಟ್ಟಣೆಯ ಪರಾಕಾಷ್ಠೆ. ಅಲ್ಲಿಂದ ಒಂದೆರಡು ವರ್ಷಗಳಲ್ಲೇ ಅವನು ಒಂದೇ ಆಧಾರಸ್ವರದ ಮೇಲೆ ಬಹುಹೊತ್ತು ನಿಲ್ಲುವ ಕ್ರಮಕ್ಕೆ ತಿರುಗಿದನು. ಈ ತಿರುವಿನ ಹಿಂದೆ ಭಾರತೀಯ ಸಂಗೀತದ ಶ್ರವಣವಿತ್ತು. 1961ರ ಒಂದು ರಚನೆಗೆ ಅವನು 'ಇಂಡಿಯಾ' ಎಂದೇ ಹೆಸರಿಟ್ಟನು, 1965ರಲ್ಲಿ ಹುಟ್ಟಿದ ಮಗನಿಗೆ ಪಂಡಿತ್ ರವಿಶಂಕರರ ಹೆಸರಿಟ್ಟನು. 1964ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿದ 'ಎ ಲವ್ ಸುಪ್ರೀಮ್' ಕೃತಿಯ ಕೊನೆಯ ಭಾಗ ಸಾಹಿತ್ಯಾಸಕ್ತರಿಗೆ ವಿಶೇಷವಾದುದು. ಅಲ್ಲಿ ಕೋಲ್ಟ್ರೇನ್ ತಾನೇ ಬರೆದ ಪ್ರಾರ್ಥನೆಯ ಅಕ್ಷರ ಅಕ್ಷರಗಳನ್ನು ಬಾಯಿಂದ ಹೇಳದೆ ಸ್ಯಾಕ್ಸೊಫೋನಿನಲ್ಲಿ ನುಡಿಸುತ್ತಾನೆ. ತನ್ನ ದೇಹವನ್ನೇ ತಂತಿವಾದ್ಯವಾಗಿಸಿಕೊಂಡು ನುಡಿಸೆಂದು ಕೂಡಲಸಂಗಮನನ್ನು ಬೇಡಿದ ವಚನಕಾರನ ಹುಟ್ಟೂರು ಬಾಗೇವಾಡಿ. ಒಂದೆಡೆ ಭಕ್ತ ವಾದ್ಯವಾಗುತ್ತಾನೆ, ಇನ್ನೊಂದೆಡೆ ವಾದ್ಯ ಭಕ್ತನ ನಾಲಗೆಯಾಗುತ್ತದೆ. ಎಂಟು ಶತಮಾನಗಳ ಅಂತರದ ಈ ಎರಡು ಕಲ್ಪನೆಗಳ ನಡುವೆ ಪ್ರಭಾವದ ಸಂಬಂಧವನ್ನು ಹುಡುಕುವುದು ಅಸಂಗತ. ಆದರೆ ನಾದ ಮತ್ತು ನುಡಿಗಳ ನಂಟನ್ನು ಚರ್ಚಿಸುವಾಗ ಇವನ್ನು ಒಟ್ಟಿಗೆ ಓದಲು ಅಡ್ಡಿಯಿಲ್ಲ.

ಆರ್ನೆಟ್ ಕೋಲ್ಮನ್ (1930–2015) 1959ರ ಹೊತ್ತಿಗೆ ಪ್ಲಾಸ್ಟಿಕ್ಕಿನ ಆಲ್ಟೊ ಸ್ಯಾಕ್ಸೊಫೋನ್ ಹಿಡಿದು ನ್ಯೂಯಾರ್ಕಿಗೆ ಬಂದಾಗ ಹಿರಿಯ ವಾದಕರಲ್ಲಿ ಹಲವರು ಅವನನ್ನು ಒಪ್ಪಲಿಲ್ಲ. ಮೊದಲೇ ಗೊತ್ತುಮಾಡಿದ ಸ್ವರಮೇಳಗಳ ಏಣಿಯನ್ನು ಅವನು ಪೂರ್ತಿ ತೆಗೆದುಹಾಕಿದ್ದನು. ಧಾಟಿ ಮುಂದೆ ನಡೆಯುತ್ತದೆ, ಉಳಿದವರು ಅದನ್ನು ಕೇಳಿಕೊಂಡು ಹಿಂಬಾಲಿಸುತ್ತಾರೆ. ಶ್ರುತಿಯೂ ಪಿಯಾನೊದ ಅಳತೆಗೆ ಬಗ್ಗದೆ ಮಾತಿನಂತೆ ಏರಿಳಿಯುತ್ತದೆ. ಪಾಶ್ಚಾತ್ಯ ಕಿವಿಗೆ ಇದು ಕ್ರಾಂತಿಯಾಗಿ ಕೇಳಿಸಿತು. ಸನಾದಿಯನ್ನು ಕೇಳಿ ಬೆಳೆದ ಕಿವಿಗೆ ಇದರಲ್ಲಿ ಗಾಬರಿಪಡುವಂಥದು ಕಡಿಮೆ ಎನ್ನಬೇಕು. ಒಬ್ಬನ ದೋಷವೆಂದು ಹೇಳಿದ್ದು ಇನ್ನೊಂದು ನೆಲದಲ್ಲಿ ಸಹಜಧರ್ಮವಾಗಿರಬಹುದು ಎಂಬುದಕ್ಕೆ ಇದು ಉತ್ತಮ ನಿದರ್ಶನ.

4

ಸ್ಯಾಕ್ಸೊಫೋನ್ ಕನ್ನಡ ನೆಲಕ್ಕೆ ಹೊರಗಿನದಾಗಿ ಉಳಿದಿಲ್ಲ. ಬಂಟ್ವಾಳ ತಾಲೂಕಿನ ಸಜಿಪದವರಾದ ಕದ್ರಿ ಗೋಪಾಲನಾಥರು (1949–2019) ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಕೀಲಿಗಳಿಂದ ಸ್ವರಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಕೊಡುವ ವಾದ್ಯದಲ್ಲಿ ಗಮಕವನ್ನು ಹೊರಡಿಸುವುದು ಅವರ ಮುಂದಿದ್ದ ಸಮಸ್ಯೆ. ತುಟಿ, ಉಸಿರು ಹಾಗೂ ವಾದ್ಯದ ಭಾಗಗಳಲ್ಲಿ ಮಾಡಿಕೊಂಡ ಮಾರ್ಪಾಡುಗಳಿಂದ ಅದನ್ನು ಬಗೆಹರಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಅವರ ಜೊತೆಗೂಡಿದನು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ಅವರು ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. ಕರಾವಳಿಯ ದೇವಾಲಯಗಳಲ್ಲಿ, ಮದುವೆಗಳಲ್ಲಿ ಇಂದು ಸ್ಯಾಕ್ಸೊಫೋನ್ ಸಾಮಾನ್ಯ ವಾದ್ಯ. ಜಾಝ್ ಪರಂಪರೆಯ ಭಾಷೆಯಲ್ಲಿ ಹೇಳುವುದಾದರೆ ಕದ್ರಿಯವರ ಸ್ಥಾನ ಹಾಕಿನ್ಸ್‌ನ ಸ್ಥಾನ. ಹೊರಗಿನ ವಾದ್ಯಕ್ಕೆ ಒಂದು ಗಂಭೀರ ನಾಲಗೆಯನ್ನು ಕೊಟ್ಟ ಮೊದಲಿಗರ ಸ್ಥಾನ ಅದು.

ಇನ್ನಿಬ್ಬರ ಹೆಸರುಗಳು ಇಲ್ಲಿ ಪ್ರಸ್ತುತ. ಅಮೆರಿಕದ ಚಾರ್ಲಿ ಮರಿಯಾನೊ (1923–2009) ಆಲ್ಟೊ ಸ್ಯಾಕ್ಸೊಫೋನ್ ವಾದಕನಾಗಿದ್ದೂ ನಾಗಸ್ವರವನ್ನು ಕಲಿತವನು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ ಅವನು ನುಡಿಸಿದ 'ಜ್ಯೋತಿ' 1983ರಲ್ಲಿ ಹೊರಬಂದಿತು. ಕರ್ನಾಟಕ ಮೂಲದ ಕುಟುಂಬದ ರುದ್ರೇಶ್ ಮಹಾಂತಪ್ಪ 1971ರಲ್ಲಿ ಇಟಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. 2004ರ 'ಮದರ್ ಟಂಗ್' ಎಂಬ ಅವರ ಧ್ವನಿಮುದ್ರಿಕೆ ಕನ್ನಡ ಅಧ್ಯಯನದ ಕಣ್ಣಿಗೆ ಬೀಳಬೇಕಾಗಿದ್ದ ಕೃತಿ. ಭಾರತೀಯ ಮೂಲದ ಅಮೆರಿಕನ್ನರಿಗೆ 'ನೀವು ಇಂಡಿಯನ್ ಭಾಷೆ ಮಾತಾಡುತ್ತೀರಾ' ಎಂದು ಕೇಳುವ ಅಜ್ಞಾನದ ಪ್ರಶ್ನೆಗೆ ಹಲವರು ತಮ್ಮ ತಮ್ಮ ಭಾಷೆಗಳಲ್ಲಿ ಕೊಟ್ಟ ಉತ್ತರಗಳನ್ನು ಮುದ್ರಿಸಿಕೊಂಡು, ಆ ಮಾತಿನ ಏರಿಳಿತವನ್ನೇ ಅವರು ಸಂಗೀತರಚನೆಗೆ ದ್ರವ್ಯ ಮಾಡಿಕೊಂಡರು. ಅದರಲ್ಲಿ ಒಂದು ರಚನೆಯ ಹೆಸರು 'ಕನ್ನಡ'. ಕನ್ನಡ ಮಾತಿನ ಓಟವೊಂದು ಪಾರ್ಕರ್ ನುಡಿಸಿದ್ದ ವಾದ್ಯದಲ್ಲಿ ಹೀಗೆ ಜಾಝ್ ಆಗಿದೆ. ಇದೇ ಮಹಾಂತಪ್ಪನವರು ಕದ್ರಿಯವರೊಡನೆ ನುಡಿಸಿದ 'ಕಿನ್ಸ್‌ಮೆನ್' 2008ರಲ್ಲಿ ಬಂತು. ಅಲ್ಲಿ ಇಬ್ಬರ ಕೈಯಲ್ಲೂ ಆಲ್ಟೊ ಸ್ಯಾಕ್ಸೊಫೋನೇ ಇದೆ. ಒಬ್ಬರದು ರಾಗದ ವ್ಯಾಕರಣ, ಇನ್ನೊಬ್ಬರದು ಸ್ವರಮೇಳದ ವ್ಯಾಕರಣ. ಇಬ್ಬರನ್ನೂ ಬೇರ್ಪಡಿಸಿ ಕೇಳುವುದು ಕಷ್ಟವಲ್ಲ, ಒಬ್ಬರನ್ನೊಬ್ಬರು ಅನುಕರಿಸದಿರುವುದೇ ಅದರ ಬಲ.

5

ಇನ್ನು ವಿಜಯಪುರ ಸೀಮೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಇತ್ತೀಚಿನ ತಾಲೂಕು ವಿಂಗಡಣೆಗೆ ಮುನ್ನ ಇಡೀ ಜಿಲ್ಲೆಯನ್ನು ಬಹುಪಾಲು ತುಂಬಿಕೊಂಡಿದ್ದವು. ಕನ್ನಡ ಜಾನಪದ ಅಧ್ಯಯನದ ಚರಿತ್ರೆಯಲ್ಲಿ ಈ ನೆಲಕ್ಕೆ ಅಗ್ರಸ್ಥಾನವಿದೆ. ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ, ಪಿ. ಧೂಲಾಸಾಹೇಬರು 1931ರಲ್ಲಿ 'ಗರತಿಯ ಹಾಡು', 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಸಂಕಲನಗಳನ್ನು ಹೊರತಂದರು. ಬೀಸುವ ಕಲ್ಲಿನ ಮುಂದಿನ ಹಾಡಿಗೆ ಕಾವ್ಯದ ಮನ್ನಣೆ ದೊರೆತದ್ದು ಇವರಿಂದ. ಈ ಉಪಕಾರವನ್ನು ಎಷ್ಟು ನೆನೆದರೂ ಕಡಿಮೆ.

ಆದರೆ ಈ ಮಾದರಿಯ ಮಿತಿಯೊಂದು ಮುಂದಿನ ತಲೆಮಾರುಗಳಿಗೂ ಬಳುವಳಿಯಾಗಿ ಬಂತು. ಸಂಗ್ರಹಕಾರನ ಕೈಯಲ್ಲಿ ಇದ್ದದ್ದು ಲೇಖನಿ. ಲೇಖನಿ ಹಿಡಿಯಬಲ್ಲದ್ದು ಮಾತನ್ನು ಮಾತ್ರ. ಹಾಡಿನ ಮಾತು ಪುಟಕ್ಕೆ ಬಂತು, ಹಾಡಿದವಳ ಉಸಿರು ಬರಲಿಲ್ಲ. ಮಾತೇ ಇಲ್ಲದ ಸನಾದಿಯಂತೂ ಪುಟದ ಅಂಚಿಗೂ ಬರಲಿಲ್ಲ. 1931ರಲ್ಲಿ ಇದು ಅನಿವಾರ್ಯವಾಗಿತ್ತು. ಧ್ವನಿಮುದ್ರಣ ಯಂತ್ರ ಎಲ್ಲರ ಕಿಸೆಯಲ್ಲಿರುವ ಇಂದಿನ ದಿನಗಳಲ್ಲಿ ಅದು ಅನಿವಾರ್ಯವಲ್ಲ. ಆದರೂ ಕರಡಿ ಮಜಲನ್ನು ಕುರಿತ ಬರಹಗಳು ಬಹುಪಾಲು ವೇಷಭೂಷಣ, ಸಂದರ್ಭ, ವಾದ್ಯಗಳ ಅಳತೆ, ಆಚರಣೆಯ ವಿವರಗಳಲ್ಲೇ ಮುಗಿಯುತ್ತವೆ. ಕರಡಿ ಎಂಬ ಚರ್ಮವಾದ್ಯ, ತಾಳ, ಸನಾದಿ ಇವುಗಳ ಮೇಳ ಜಾತ್ರೆಯ ಪಲ್ಲಕ್ಕಿಯ ಮುಂದೆ, ಮದುವೆಯ ದಿಬ್ಬಣದ ಮುಂದೆ ನಡೆಯುತ್ತದೆ ಎಂದು ಓದುಗನಿಗೆ ತಿಳಿಯುತ್ತದೆ. ಒಬ್ಬ ಸನಾದಿಕಾರ ಇನ್ನೊಬ್ಬನಿಂದ ಹೇಗೆ ಬೇರೆ ಎಂಬುದು ತಿಳಿಯುವುದಿಲ್ಲ.

ಇದಕ್ಕೆ ಜಾನಪದದ ಬಗೆಗಿನ ಒಂದು ರೂಢಿಗತ ಗ್ರಹಿಕೆಯೂ ಕಾರಣ. ಜಾನಪದ ಸಾಮೂಹಿಕವಾದುದು, ಅನಾಮಧೇಯವಾದುದು ಎಂಬ ವ್ಯಾಖ್ಯೆಯನ್ನು ಪಠ್ಯಪುಸ್ತಕಗಳು ಕಲಿಸುತ್ತ ಬಂದಿವೆ. ಆದರೆ ಇದೇ ಸೀಮೆಯ ಲಾವಣಿಕಾರ ತನ್ನ ಪದದ ಕೊನೆಯಲ್ಲಿ ಊರನ್ನೂ ಹೆಸರನ್ನೂ ಗುರುವನ್ನೂ ಸೇರಿಸಿ ಹಾಡುತ್ತಾನೆ. ಹರದೇಶಿ–ನಾಗೇಶಿ ಗೀಗೀ ಮೇಳಗಳ ಸವಾಲು ಜವಾಬಿನಲ್ಲಿ ರಾತ್ರಿಯಿಡೀ ಕುಳಿತ ಜನ ಯಾರ ಉತ್ತರ ಗಟ್ಟಿ, ಯಾರ ದನಿ ಚೊಕ್ಕ ಎಂದು ಬೆಳಗಿನವರೆಗೆ ತೂಗಿನೋಡುತ್ತಾರೆ. 1933ರ ಕೊನೆಯಲ್ಲಿ ಕಾನ್ಸಾಸ್ ಸಿಟಿಯಲ್ಲಿ ಹಾಕಿನ್ಸ್ ಮತ್ತು ಯಂಗ್ ನಡುವೆ ರಾತ್ರಿ ಬೆಳಗು ನಡೆಯಿತೆಂದು ಜಾಝ್ ಲೋಕದ ಐತಿಹ್ಯ ಹೇಳುವ ಪೈಪೋಟಿಗೂ ಇದಕ್ಕೂ ಗುಣದಲ್ಲಿ ಭೇದವಿಲ್ಲ. ತೌಲನಿಕ ವಿಮರ್ಶೆ ಹಳ್ಳಿಯ ಕಟ್ಟೆಯಲ್ಲಿ ಮೊದಲಿನಿಂದಲೂ ಇದೆ. ಅದು ವಿಶ್ವವಿದ್ಯಾಲಯಕ್ಕೆ ಬರಲಿಲ್ಲ, ಅಷ್ಟೆ.

ಎರಡನೆಯ ಕಾರಣ ಇನ್ನೂ ಕಹಿಯಾದುದು. ಈ ಸೀಮೆಯಲ್ಲಿ ಸನಾದಿ ಮುಖ್ಯವಾಗಿ ಭಜಂತ್ರಿ ಸಮುದಾಯದ ಕುಲಕಸುಬಾಗಿ ಬಂದಿದೆ. 'ಭಜಂತ್ರಿಯವರನ್ನು ಕರೆಸಿ' ಎಂಬ ಮಾತಿನಲ್ಲಿ ಕಸುಬಿನ ಹೆಸರು, ಜಾತಿಯ ಹೆಸರು ಎರಡೂ ಇವೆ, ಮನುಷ್ಯನ ಹೆಸರಿಲ್ಲ. ಅವರ ನಾದವಿಲ್ಲದೆ ಅಕ್ಷತೆ ಬೀಳದು, ಆದರೆ ಪಂಕ್ತಿಯಲ್ಲಿ ಅವರ ಎಲೆ ಯಾವಾಗ, ಎಲ್ಲಿ ಎಂಬುದನ್ನು ಬಹುಕಾಲ ಜಾತಿಯೇ ನಿರ್ಧರಿಸಿತು. ಜಾಝ್ ವಾದಕರೂ ತಾವು ನುಡಿಸಿದ ಹೋಟೆಲುಗಳ ಮುಂಬಾಗಿಲಿನಿಂದ ಒಳಬರಲಾಗದ ಕಾಲವನ್ನು ಕಂಡವರು. ವ್ಯತ್ಯಾಸ ಇಷ್ಟೇ: ವರ್ಣಭೇದದ ನಡುವೆಯೂ ಅವರ ಹೆಸರು ಧ್ವನಿಮುದ್ರಿಕೆಯ ಮೇಲೆ ಅಚ್ಚಾಯಿತು, ಅಚ್ಚಾದ ಹೆಸರು ವಿಮರ್ಶೆಗೆ ಆಧಾರವಾಯಿತು. ಆ ಅವಕಾಶ ತಪ್ಪಿದವರಿಗೆ ಏನಾಗುತ್ತದೆ ಎಂಬುದಕ್ಕೂ ಜಾಝ್‌ನಲ್ಲೇ ಸಾಕ್ಷ್ಯವಿದೆ. ನ್ಯೂ ಆರ್ಲಿಯನ್ಸ್‌ನ ಕಾರ್ನೆಟ್ ವಾದಕ ಬಡ್ಡಿ ಬೋಲ್ಡನ್ (1877–1931) ಈ ಸಂಗೀತದ ಆದ್ಯರಲ್ಲೊಬ್ಬನೆಂದು ಎಲ್ಲರೂ ಹೇಳುತ್ತಾರೆ. ಅವನ ಒಂದು ಸ್ವರವೂ ಉಳಿದಿಲ್ಲ. ಅವನ ಬಗ್ಗೆ ಕಥೆಗಳಿವೆ, ವಿಮರ್ಶೆ ಸಾಧ್ಯವಿಲ್ಲ. ನಾಲ್ಕು ತಾಲೂಕುಗಳ ಸನಾದಿಕಾರರೆಲ್ಲರೂ ಇಂದು ಬೋಲ್ಡನ್‌ನ ಸ್ಥಿತಿಯಲ್ಲಿದ್ದಾರೆ.

ಕನ್ನಡದ ಕಲ್ಪನೆಯಲ್ಲಿ ಸನಾದಿಗೆ ಒಂದು ಹೆಸರು ಬಂದದ್ದು ಕಾದಂಬರಿ ಮತ್ತು ಸಿನಿಮಾದ ಮೂಲಕ. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯನ್ನು ಆಧರಿಸಿದ 'ಸನಾದಿ ಅಪ್ಪಣ್ಣ' 1977ರಲ್ಲಿ ತೆರೆಗೆ ಬಂತು. ರಾಜಕುಮಾರ್ ಅಭಿನಯಿಸಿದ ಆ ಚಿತ್ರದ ಶಹನಾಯಿಯನ್ನು ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಆ ನಾದದ ಮಹತ್ತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಉತ್ತರ ಕರ್ನಾಟಕದ ಸನಾದಿಕಾರನ ಕಥೆಯನ್ನು ಕನ್ನಡಿಗರು ಕೇಳಿದ್ದು ಬನಾರಸಿನ ಉಸಿರಿನಲ್ಲಿ ಎಂಬುದು ಯೋಚಿಸಬೇಕಾದ ಸಂಗತಿ. ಸ್ಥಳೀಯ ಉಸಿರಿನ ಗುಣ ಯಾವುದು ಎಂದು ಕೇಳಿದರೆ ತೋರಿಸಲು ಕೈಯಲ್ಲಿ ಏನೂ ಇಲ್ಲ.

6

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ವ್ಯಕ್ತಿಯನ್ನು ಎತ್ತಿಹಿಡಿದರೆ ಸಮುದಾಯದ ಕಲೆ ಕೆಲವೇ ನಾಯಕರ ಕಥೆಯಾಗಿಬಿಡುತ್ತದೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ. ಜಾಝ್ ಚರಿತ್ರೆಯೇ ಇದಕ್ಕೆ ಉದಾಹರಣೆ. ವೈ ರೆಡ್ (1928–2022) ಅವರಂಥ ಸಮರ್ಥ ಆಲ್ಟೊ ವಾದಕಿ ಮಹಾಪುರುಷರ ಪಟ್ಟಿಗಳಲ್ಲಿ ಬಹುಕಾಲ ಕಾಣಿಸಲಿಲ್ಲ. ರೋಲಿನ್ಸ್‌ನ ಹೆಸರು ಹೇಳುವಾಗ ಪಕ್ಕದಲ್ಲಿ ಡ್ರಮ್ ನುಡಿಸಿದವನ ಹೆಸರು ಹಿಂದೆ ಸರಿಯುತ್ತದೆ. ಆದರೆ ಕೆಲವರ ಹೆಸರು ಬಿಟ್ಟುಹೋದದ್ದಕ್ಕೆ ಪರಿಹಾರ ಎಲ್ಲರ ಹೆಸರನ್ನೂ ಬಿಡುವುದಲ್ಲ, ಇನ್ನಷ್ಟು ಹೆಸರುಗಳನ್ನು ಸೇರಿಸುವುದು. ಸನಾದಿಯವನ ಜೊತೆಗೆ ಕರಡಿಯವನ, ತಾಳದವನ, ಶ್ರುತಿ ಹಿಡಿದವನ ಹೆಸರೂ ದಾಖಲಾಗಬೇಕು.

ಎರಡನೆಯ ಆಕ್ಷೇಪ ಮಾನದಂಡದ್ದು. ಜಾಝ್‌ನ ಅಳತೆಗೋಲಿನಿಂದ ಸನಾದಿಯನ್ನು ಅಳೆಯುವುದು ಹೊಸದೊಂದು ಪರಾವಲಂಬನೆಯಲ್ಲವೆ? ಹೌದು, ಸ್ವರಮೇಳದ ಅಳತೆಯಿಂದ ಅಳೆದರೆ ಅದು ತಪ್ಪೇ. ಯಂಗ್‌ನನ್ನು ಹಾಕಿನ್ಸ್‌ನ ಅಳತೆಯಿಂದ ತಿದ್ದಹೊರಟವರು ಮಾಡಿದ್ದೂ ಅದೇ ತಪ್ಪು. ಇಲ್ಲಿ ಎರವಲು ಪಡೆಯಬೇಕಾದದ್ದು ಅಳತೆಯನ್ನಲ್ಲ, ಪ್ರಶ್ನೆಗಳನ್ನು. ಈ ವಾದಕನ ನಾದದ ಗುಣವೇನು? ಕೊಟ್ಟ ಧಾಟಿಯಲ್ಲಿ ಅವನು ಎಷ್ಟನ್ನು ಉಳಿಸಿದ, ಎಷ್ಟನ್ನು ಕಟ್ಟಿದ? ಜೊತೆಗಾರರನ್ನು ಹೇಗೆ ಕೇಳಿಸಿಕೊಂಡ? ಅವನ ನಂತರದವರಿಗೆ ಯಾವ ದಾರಿ ತೆರೆಯಿತು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಸ್ಥಳೀಯ ಕೇಳುಗರ ಪರಿಭಾಷೆಯಲ್ಲೇ ಹುಡುಕಬಹುದು. ಯಾವ ಸನಾದಿಕಾರನ ಉಸಿರು ಗಟ್ಟಿ, ಯಾರು ಧಾಟಿ ಕೆಡಿಸದೆ ತಿರುವುತ್ತಾರೆ ಎಂದು ಹೇಳಬಲ್ಲ ಹಿರಿಯರು ಪ್ರತಿ ಜಾತ್ರೆಯಲ್ಲೂ ಇದ್ದಾರೆ.

7

ಕಾಲ ಬಹಳ ಉಳಿದಿಲ್ಲ. ದಿಬ್ಬಣದ ಮುಂದೆ ನಡೆಯುತ್ತಿದ್ದ ಸನಾದಿಯ ಜಾಗಕ್ಕೆ ಮೊದಲು ಬ್ಯಾಂಡ್ ಕಂಪನಿಗಳು ಬಂದವು. ಅಲ್ಲಿ ಕ್ಲಾರಿನೆಟ್ ಹಿಡಿದವನೂ ಉಸಿರಿನವನೇ ಆಗಿದ್ದನು. ಈಗ ಬಂದಿರುವ ಡಿಜೆ ಗಾಡಿಯಲ್ಲಿ ಉಸಿರಿಗೇ ಜಾಗವಿಲ್ಲ. ಕುಲಕಸುಬಿನ ಹೊರೆಯನ್ನೂ ಅವಮಾನವನ್ನೂ ಇಳಿಸಿ ಮಕ್ಕಳು ಬೇರೆ ಕೆಲಸಕ್ಕೆ ಹೋಗುವುದು ಸಾಮಾಜಿಕವಾಗಿ ಸ್ವಾಗತಾರ್ಹವೇ. ಅವರನ್ನು ಮರಳಿ ಸನಾದಿಗೆ ಕರೆಯುವ ಅಧಿಕಾರ ಸಂಶೋಧಕನಿಗಿಲ್ಲ. ಆದರೆ ಅವರ ತಂದೆ, ತಾತಂದಿರು ಕಟ್ಟಿದ್ದನ್ನು ಕೇಳಿಸಿಕೊಳ್ಳುವ ಹೊಣೆ ಅಧ್ಯಯನಕ್ಕಿದೆ.

ಈ ಕೆಲಸಕ್ಕೆ ದೊಡ್ಡ ಯೋಜನೆಯೂ ದೊಡ್ಡ ಅನುದಾನವೂ ಮೊದಲಿಗೇ ಬೇಕಿಲ್ಲ. ನಾಲ್ಕು ತಾಲೂಕುಗಳಲ್ಲಿ ಈಗಲೂ ನುಡಿಸುತ್ತಿರುವ ಸನಾದಿಕಾರರಿಂದ ಒಂದೇ ಧಾಟಿಯನ್ನು ನುಡಿಸಿ, ಅವರ ಒಪ್ಪಿಗೆಯೊಂದಿಗೆ ಧ್ವನಿ ಮತ್ತು ದೃಶ್ಯ ಎರಡನ್ನೂ ಮುದ್ರಿಸಿಕೊಳ್ಳಬಹುದು. ಒಂದು ಸೋಬಾನೆಯ ಧಾಟಿ, ಒಂದು ಭಜನೆಯ ಧಾಟಿ, ಪಲ್ಲಕ್ಕಿಯ ನಡೆಯೊಂದು, ಇಷ್ಟು ಸಾಕು. ಪ್ರತಿಯೊಂದರ ಜೊತೆಗೆ ವಾದಕನ ಹೆಸರು, ಊರು, ಯಾರಿಂದ ಕಲಿತದ್ದು, ವಾದ್ಯ ಎಲ್ಲಿಯದು, ಜೊತೆಗಾರರು ಯಾರು ಎಂಬ ವಿವರವಿರಬೇಕು. ಮುದ್ರಿಕೆಯ ಪ್ರತಿ ವಾದಕನ ಮನೆಗೂ ಹೋಗಬೇಕು, ಅದರಿಂದ ಆದಾಯ ಬಂದರೆ ಅದರಲ್ಲಿ ಪಾಲೂ ಸಲ್ಲಬೇಕು. ಗೊಟಗೋಡಿಯಲ್ಲಿ 2011ರಿಂದ ಜಾನಪದಕ್ಕೆಂದೇ ವಿಶ್ವವಿದ್ಯಾಲಯವಿದೆ, ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ಹಳೆಯ ಕನ್ನಡ ಅಧ್ಯಯನ ಪೀಠವಿದೆ. ಒಂದೊಂದು ಪಿಎಚ್.ಡಿ. ಪ್ರಬಂಧದ ಅನುಬಂಧದಲ್ಲಿ ಹಾಡುಗಳ ಪಠ್ಯವನ್ನು ಸೇರಿಸುವ ರೂಢಿ ಹೇಗಿದೆಯೋ ಹಾಗೆಯೇ ನಾದದ ಅನುಬಂಧವನ್ನೂ ಕಡ್ಡಾಯ ಮಾಡಬಹುದು.

ಒಟ್ಟಿನಲ್ಲಿ, ಜಾಝ್‌ನ ಸ್ಯಾಕ್ಸೊಫೋನ್ ವಾದಕರ ಹೋಲಿಕೆ ಕನ್ನಡಕ್ಕೆ ಕಲಿಸುವ ಪಾಠ ಅವರಲ್ಲಿ ಯಾರು ಹೆಚ್ಚು ಎಂಬುದಲ್ಲ. ಒಂದೇ ಹಾಡಿನಿಂದ ಹಾಕಿನ್ಸ್ ಒಂದನ್ನು, ಯಂಗ್ ಇನ್ನೊಂದನ್ನು ಕಂಡರೆಂಬುದು ತಿಳಿಯಲು ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಂಡಿರಬೇಕು. ಹಲಸಂಗಿಯ ಗೆಳೆಯರು ಹಾಡಿನ ಮಾತನ್ನು ಕಾವ್ಯವೆಂದು ಕೇಳಿಸಿಕೊಂಡರು, ಅದರಿಂದ ನವೋದಯದ ಕನ್ನಡ ಬೆಳೆಯಿತು. ಅದೇ ನೆಲದ ಮಾತಿಲ್ಲದ ಉಸಿರನ್ನು ಹೆಸರಿಟ್ಟು ಕೇಳಿಸಿಕೊಳ್ಳುವ ಕೆಲಸ ಉಳಿದಿದೆ. ಇನ್ನೂ ಉಸಿರು ಹಿಡಿದು ನುಡಿಸಬಲ್ಲವರು ಇರುವಾಗಲೇ ಅದು ಆಗಬೇಕಾಗಿದೆ.